ಆಟಕ್ಕುಂಟು ಲೆಕ್ಕಕ್ಕಿಲ್ಲ

2025ರ ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಅಕ್ಕನ ಮಗ ಅಮೆರಿಕದಿಂದ ಫೋನ್ ಮಾಡಿದ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಹುಡುಗ. ನಮಗಿಲ್ಲಿ ಬೆಳಗಿನ ಚಹಾದ ಹೊತ್ತು, ಅವನಿಗಲ್ಲಿ ರಾತ್ರಿ ಹತ್ತು ಗಂಟೆ. ಹಿನ್ನೆಲೆಯಲ್ಲಿ ಟಿ.ವಿ.ಯ ಸದ್ದು ಜೋರಾಗಿತ್ತು. "ಏನು ನೋಡ್ತಿದ್ದೀ ಬೇಟಾ?" ಎಂದು ಕೇಳಿದೆವು. "ಬೇಸ್‌ಬಾಲ್, ಮಾಮು. ಎರಡೂ ತಂಡಗಳು ಯಾವಾಗಲೋ ಸ್ಪರ್ಧೆಯಿಂದ ಹೊರಬಿದ್ದಿವೆ. ಯಾರು ಗೆದ್ದರೂ ಒಂದೇ, ಸೋತರೂ ಒಂದೇ" ಎಂದ. ಹಾಗಾದರೆ ನಾಳೆ ಕೆಲಸವಿರುವಾಗ ನಿದ್ದೆಗೆಟ್ಟು ನೋಡುವುದೇಕೆ? ಅವನು ನಕ್ಕ. "ಇಪ್ಪತ್ತು ಡಾಲರ್ ಹಾಕಿದ್ದೇನೆ ಮಾಮು. ಆಟಕ್ಕೆ ಅರ್ಥ ಇಲ್ಲ, ಅದಕ್ಕೇ ನಾನು ಅರ್ಥ ಹಾಕಿದ್ದೇನೆ."

ಮಾತು ಚೆನ್ನಾಗಿದೆ ಎನಿಸಿತು. ಕತೆ ಬರೆಯುವವರಿಗೆ ಚೆಂದದ ಮಾತು ಕೇಳಿದರೆ ಅದರ ಹಿಂದಿನ ಸಂಕಟ ತಕ್ಷಣ ಕಾಣುವುದಿಲ್ಲ. ನಾವೂ ನಕ್ಕು ಫೋನ್ ಇಟ್ಟೆವು. ಎರಡು ವಾರಗಳ ನಂತರ ಅಕ್ಕ ಫೋನ್ ಮಾಡಿದಳು. ಮನೆಯ ಸಾಲದ ಕಂತು ಎರಡು ತಿಂಗಳಿಂದ ಕಟ್ಟಿಲ್ಲ, ಬ್ಯಾಂಕಿನವರು ಮನೆಗೆ ಬಂದಿದ್ದರು, ಮಗ ಕೇಳಿದರೆ ಏನೇನೋ ಹೇಳುತ್ತಾನೆ ಎಂದಳು. ಇಪ್ಪತ್ತು ಡಾಲರ್ ಬೇಸಿಗೆಯ ಆರಂಭದ ಲೆಕ್ಕವಾಗಿತ್ತು. ಸೆಪ್ಟೆಂಬರ್ ಮುಗಿಯುವ ವೇಳೆಗೆ ಅದು ಎಂಟು ಸಾವಿರ ಡಾಲರ್ ದಾಟಿತ್ತು.

ಅಂದಿನಿಂದ ಆ ಹುಡುಗನ ಮಾತು ನಮ್ಮ ತಲೆಯಲ್ಲಿ ಕುಳಿತಿದೆ. ಅರ್ಥವಿಲ್ಲದ ಆಟಕ್ಕೆ ಹಣ ಅರ್ಥ ಕೊಡಬಲ್ಲುದೇ? ಅಸಲಿಗೆ, ಗೆಲುವು ಸೋಲುಗಳಿಂದ ಏನೂ ಬದಲಾಗದ ಆಟಕ್ಕೆ ಅರ್ಥವಿಲ್ಲ ಎನ್ನುವುದಾದರೂ ನಿಜವೇ?

ಬೇಸ್‌ಬಾಲ್ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ಅದರ ನಿಯಮಗಳನ್ನೆಲ್ಲ ತಿಳಿಯುವ ಅಗತ್ಯವೂ ಇಲ್ಲಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಮೂವತ್ತು ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿಯೊಂದು ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು. ಅಕ್ಟೋಬರ್‌ನ ನಿರ್ಣಾಯಕ ಹಂತಕ್ಕೆ ಹೋಗುವುದು 2022ರಿಂದೀಚೆಗೆ ಹನ್ನೆರಡು ತಂಡಗಳು ಮಾತ್ರ. ಉಳಿದ ಹದಿನೆಂಟರಲ್ಲಿ ಅನೇಕಕ್ಕೆ ಸೆಪ್ಟೆಂಬರ್ ಬರುವ ಮೊದಲೇ ದಾರಿ ಮುಚ್ಚಿರುತ್ತದೆ. ಆದರೂ ವೇಳಾಪಟ್ಟಿ ನಿಲ್ಲುವುದಿಲ್ಲ. ದೀಪಗಳು ಹೊತ್ತುತ್ತವೆ, ಕಡಲೆಕಾಯಿ ಮಾರುವವನು ಬರುತ್ತಾನೆ, ಅರ್ಧ ಖಾಲಿ ಕ್ರೀಡಾಂಗಣದಲ್ಲಿ ಆಟ ನಡೆಯುತ್ತದೆ. ನಮ್ಮಲ್ಲಿ ಮಕ್ಕಳ ಆಟಕ್ಕೆ ತೀರ ಚಿಕ್ಕವನನ್ನು ಸೇರಿಸಿಕೊಂಡು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎನ್ನುವುದಿಲ್ಲವೇ? ಸೆಪ್ಟೆಂಬರ್‌ನ ಬಹಳಷ್ಟು ತಂಡಗಳ ಸ್ಥಿತಿ ಅದೇ.

ಬಾಜಿ ಕಟ್ಟುವವರಿಗೆ ಈ ತಿಂಗಳ ಮೇಲೆ ವಿಶೇಷ ಪ್ರೀತಿ. ಯಾವ ತಂಡಕ್ಕೆ ಗೆಲ್ಲಲೇಬೇಕಾದ ಹಸಿವಿದೆ, ಯಾವುದು ಕೈಚೆಲ್ಲಿ ಕುಳಿತಿದೆ, ಯಾರು ಹಿರಿಯ ಎಸೆಗಾರನಿಗೆ ವಿಶ್ರಾಂತಿ ಕೊಟ್ಟು ಕೆಳದರ್ಜೆಯ ಲೀಗಿನಿಂದ ಹುಡುಗನನ್ನು ಕರೆಸಿಕೊಂಡಿದ್ದಾರೆ ಎಂಬುದೆಲ್ಲ ತಮಗೆ ಗೊತ್ತು ಎಂದು ಅವರು ನಂಬುತ್ತಾರೆ. ನಮ್ಮ ಹುಡುಗನೂ ನಂಬಿದ್ದ. ಆದರೆ ಅವನಿಗೆ ಗೊತ್ತಿರುವುದೆಲ್ಲ ಬೆಲೆ ನಿಗದಿ ಮಾಡುವವನಿಗೂ ಗೊತ್ತು. ಆ ಲೆಕ್ಕ ಹೀಗಿದೆ. ಬಲಿಷ್ಠ ತಂಡದ ಮೇಲೆ ನೂರು ಡಾಲರ್ ಲಾಭ ಬೇಕಾದರೆ ನೂರೈವತ್ತು ಕಟ್ಟಬೇಕು. ದುರ್ಬಲ ತಂಡದ ಮೇಲೆ ನೂರು ಕಟ್ಟಿದರೆ ನೂರ ಮೂವತ್ತು ಲಾಭ. ಮೊದಲ ಬೆಲೆಯ ಪ್ರಕಾರ ಬಲಿಷ್ಠ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ ಅರವತ್ತು. ಎರಡನೆಯದರ ಪ್ರಕಾರ ದುರ್ಬಲ ತಂಡದ ಸಾಧ್ಯತೆ ಸುಮಾರು ನಲವತ್ತಮೂರೂವರೆ. ಎರಡನ್ನೂ ಕೂಡಿದರೆ ನೂರ ಮೂರೂವರೆ! ಲೋಕದಲ್ಲಿ ಯಾವ ಸಾಧ್ಯತೆಯೂ ನೂರನ್ನು ಮೀರುವುದಿಲ್ಲ. ಆ ಹೆಚ್ಚಿನ ಮೂರೂವರೆಯೇ ಅಂಗಡಿಯವನ ಪಾಲು. ಒಂದು ರಾತ್ರಿ ಅದು ಕಣ್ಣಿಗೆ ಕಾಣುವುದಿಲ್ಲ. ಆರು ತಿಂಗಳು ದಿನವೂ ಕಟ್ಟಿದರೆ ಇಲಿ ಗೋಣಿಚೀಲ ಕೊರೆದಂತೆ ಕೊರೆಯುತ್ತದೆ.

ಇಲ್ಲಿ ಒಬ್ಬರು ಕೇಳಬಹುದು: ರೈತನ ಬೇಸಾಯವೂ ಮಳೆಯೊಡನೆ ಆಡುವ ಜೂಜಲ್ಲವೇ? ವ್ಯಾಪಾರಿಯೂ ನಷ್ಟದ ಅಪಾಯ ಹೊತ್ತೇ ಸರಕು ತರುವುದಿಲ್ಲವೇ? ನಿಜ. ಆದರೆ ಮಳೆ ಚೆನ್ನಾಗಿ ಬಂದ ವರ್ಷ ಊರಿನ ಎಲ್ಲ ಹೊಲಗಳಲ್ಲೂ ಬೆಳೆ ನಿಲ್ಲುತ್ತದೆ. ಒಬ್ಬ ರೈತ ಉಣ್ಣಬೇಕಾದರೆ ಪಕ್ಕದವನು ಉಪವಾಸವಿರಬೇಕೆಂಬ ನಿಯಮವಿಲ್ಲ. ಬಾಜಿಯಲ್ಲಿ ಆ ನಿಯಮವಿದೆ. ಒಬ್ಬನ ಜೇಬಿಗೆ ಬಂದದ್ದು ಇನ್ನೊಬ್ಬನ ಜೇಬಿನಿಂದಲೇ ಬರಬೇಕು, ನಡುವೆ ಅಂಗಡಿಯವನು ತನ್ನ ಪಾಲನ್ನು ತೆಗೆದುಕೊಳ್ಳಬೇಕು. ರೈತ ಅಪಾಯವನ್ನು ಹುಡುಕಿಕೊಂಡು ಹೋಗುವುದಿಲ್ಲ, ಅನ್ನ ಹುಡುಕುವಾಗ ಅಪಾಯ ಎದುರಾಗುತ್ತದೆ. ಜೂಜುಗಾರ ಇಲ್ಲದ ಅಪಾಯವನ್ನು ಹುಟ್ಟಿಸಿಕೊಳ್ಳುತ್ತಾನೆ.

"ಯಾರಿಗೂ ನಷ್ಟವಿಲ್ಲದ ಪಂದ್ಯ" ಎಂಬ ಮಾತಿಗೆ ಬೇಸ್‌ಬಾಲ್‌ನಲ್ಲಿ ಒಂದು ಹಳೆಯ ಇತಿಹಾಸವಿದೆ. 1919ರ ಸೆಪ್ಟೆಂಬರ್ 25ರಂದು ಡೆಟ್ರಾಯಿಟ್ ಮತ್ತು ಕ್ಲೀವ್‌ಲ್ಯಾಂಡ್ ತಂಡಗಳು ಆಡಿದವು. ಕ್ಲೀವ್‌ಲ್ಯಾಂಡ್‌ಗೆ ಎರಡನೆಯ ಸ್ಥಾನ ಆಗಲೇ ಖಾತ್ರಿಯಾಗಿತ್ತು, ಅದು ಗೆದ್ದರೂ ಮೇಲೇರುವಂತಿರಲಿಲ್ಲ, ಸೋತರೂ ಕೆಳಗಿಳಿಯುವಂತಿರಲಿಲ್ಲ. ಡೆಟ್ರಾಯಿಟ್ ಮಾತ್ರ ಮೂರನೆಯ ಸ್ಥಾನಕ್ಕಾಗಿ ಹೋರಾಡುತ್ತಿತ್ತು. ಪಂದ್ಯವನ್ನು ಡೆಟ್ರಾಯಿಟ್ 9-5ರಿಂದ ಗೆದ್ದಿತು. ಏಳು ವರ್ಷಗಳ ನಂತರ, 1926ರಲ್ಲಿ, ಡಚ್ ಲಿಯೊನಾರ್ಡ್ ಎಂಬ ಮಾಜಿ ಎಸೆಗಾರ ಕೆಲವು ಪತ್ರಗಳನ್ನು ಹೊರಗೆ ತಂದ. ಆ ಪಂದ್ಯವನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಡುವುದೆಂದೂ ಅದರ ಮೇಲೆ ಬಾಜಿ ಕಟ್ಟುವುದೆಂದೂ ಮೊದಲೇ ಮಾತಾಗಿತ್ತು ಎಂಬುದು ಅವನ ಆರೋಪ. ಆರೋಪ ಕೇಳಿಬಂದದ್ದು ಸಾಮಾನ್ಯರ ಮೇಲಲ್ಲ. ಡೆಟ್ರಾಯಿಟ್‌ನ ಟೈ ಕಾಬ್, ಕ್ಲೀವ್‌ಲ್ಯಾಂಡ್‌ನ ಟ್ರಿಸ್ ಸ್ಪೀಕರ್, ಇಬ್ಬರೂ ಆ ಕಾಲದ ದಿಗ್ಗಜರು. ಇಬ್ಬರೂ ಆರೋಪವನ್ನು ನಿರಾಕರಿಸಿದರು. ಲಿಯೊನಾರ್ಡ್ ಎದುರಿಗೆ ಬಂದು ಸಾಕ್ಷಿ ಹೇಳಲಿಲ್ಲ. 1927ರ ಜನವರಿಯಲ್ಲಿ ಕಮಿಷನರ್ ಲ್ಯಾಂಡಿಸ್ ಇಬ್ಬರನ್ನೂ ದೋಷಮುಕ್ತರೆಂದು ಘೋಷಿಸಿದ.

ಅಂದು ನಿಜವಾಗಿ ಏನು ನಡೆಯಿತೋ, ತೀರ್ಪು ಕೊಡುವವರು ನಾವಲ್ಲ. ನಮ್ಮ ಪ್ರಶ್ನೆ ಬೇರೆ. ಅಂತಹ ಒಪ್ಪಂದ ನಡೆದಿತ್ತು ಎಂದೇ ಇಟ್ಟುಕೊಳ್ಳೋಣ. ಅದರಿಂದ ಕ್ಲೀವ್‌ಲ್ಯಾಂಡ್‌ಗೆ ಏನು ನಷ್ಟ? ಏನೂ ಇಲ್ಲ. ಡೆಟ್ರಾಯಿಟ್‌ಗೆ ಲಾಭ. ಹಾಗಾದರೆ ನೊಂದವರು ಯಾರು? ಮೂರನೆಯ ಸ್ಥಾನಕ್ಕೆ ಡೆಟ್ರಾಯಿಟ್‌ನೊಡನೆ ಪೈಪೋಟಿಯಲ್ಲಿದ್ದ ನ್ಯೂಯಾರ್ಕ್ ಆ ದಿನ ಆ ಮೈದಾನದಲ್ಲೇ ಇರಲಿಲ್ಲ. "ಯಾರಿಗೂ ನಷ್ಟವಿಲ್ಲ" ಎನ್ನುವವನು ತನ್ನ ಕಣ್ಣೆದುರು ಇರುವವರನ್ನಷ್ಟೇ ಎಣಿಸುತ್ತಾನೆ. ನಷ್ಟಕ್ಕೊಳಗಾಗುವವನು ಬಹುತೇಕ ಬೇರೆಲ್ಲೋ ಇರುತ್ತಾನೆ. ನ್ಯೂಜೆರ್ಸಿಯ ಟಿ.ವಿ. ಮುಂದೆ ಕುಳಿತ ಹುಡುಗನಿಗೆ ಇಲ್ಲಿ ಬ್ಯಾಂಕಿನವರ ಮುಂದೆ ತಲೆ ತಗ್ಗಿಸಿ ನಿಂತ ತಾಯಿ ಕಾಣದಂತೆ.

ಅದೇ 1919ರ ಅಕ್ಟೋಬರ್‌ನಲ್ಲಿ ಇನ್ನೂ ದೊಡ್ಡ ದುರಂತ ನಡೆಯಿತು. ಚಿಕಾಗೊ ವೈಟ್ ಸಾಕ್ಸ್ ಎಂಬ ಪ್ರಬಲ ತಂಡ ವರ್ಲ್ಡ್ ಸೀರೀಸ್‌ನಲ್ಲಿ ಸಿನ್ಸಿನಾಟಿಗೆ ಸೋತಿತು. ಜೂಜುಕೋರರೊಂದಿಗೆ ಸೇರಿ ಸರಣಿಯನ್ನೇ ಮಾರಿಕೊಂಡರೆಂದು ಅದರ ಎಂಟು ಆಟಗಾರರ ಮೇಲೆ ಆರೋಪ ಬಂತು. 1921ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಜ್ಯೂರಿ ವಿಚಾರಣೆ ಎದುರಿಸಿದವರನ್ನು ಖುಲಾಸೆ ಮಾಡಿತು. ಮರುದಿನವೇ ಲ್ಯಾಂಡಿಸ್ ಎಂಟೂ ಜನರನ್ನು ಆಟದಿಂದ ಶಾಶ್ವತವಾಗಿ ಹೊರಗಿಟ್ಟ. ಮುಂದೆ ನಿಯಮವೂ ಬಂತು. ತನಗೆ ಸಂಬಂಧವಿಲ್ಲದ ಪಂದ್ಯದ ಮೇಲೆ ಬಾಜಿ ಕಟ್ಟಿದ ಆಟಗಾರನಿಗೆ ಒಂದು ವರ್ಷದ ನಿಷೇಧ. ತಾನು ಕರ್ತವ್ಯ ನಿರ್ವಹಿಸುವ ಪಂದ್ಯದ ಮೇಲೆ ಕಟ್ಟಿದರೆ ಶಾಶ್ವತ ನಿಷೇಧ.

ಈ ನಿಯಮಕ್ಕೆ ಬಲಿಯಾದವರಲ್ಲಿ ಬಹಳ ದೊಡ್ಡ ಹೆಸರು ಪೀಟ್ ರೋಸ್. ವೃತ್ತಿಜೀವನದಲ್ಲಿ 4,256 ಹಿಟ್‌ಗಳ ದಾಖಲೆ ಬರೆದವನು. 1989ರ ಆಗಸ್ಟ್‌ನಲ್ಲಿ ಅವನನ್ನು ಹೊರಗಿಡಲಾಯಿತು. ಹದಿನೈದು ವರ್ಷ ಅಲ್ಲಗಳೆದು, 2004ರಲ್ಲಿ ಒಪ್ಪಿಕೊಂಡ. ಆದರೆ ತಾನು ಕಟ್ಟಿದ್ದು ಯಾವಾಗಲೂ ತನ್ನ ತಂಡ ಗೆಲ್ಲಲಿ ಎಂದೇ, ಸೋಲಲಿ ಎಂದಲ್ಲ ಎಂಬುದು ಅವನ ವಾದ. 2024ರಲ್ಲಿ ಅವನು ತೀರಿಕೊಂಡ. 2025ರ ಮೇ ತಿಂಗಳಲ್ಲಿ ಲೀಗ್, ಮೃತರ ಮೇಲಿನ ಇಂತಹ ನಿಷೇಧಗಳನ್ನು ತೆಗೆದುಹಾಕಿತು. ಮರಣದೊಂದಿಗೆ ಶಿಕ್ಷೆ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಗೆಲ್ಲಲೆಂದು ಬಾಜಿ ಕಟ್ಟಿದರೆ ತಪ್ಪೇನು? ರೋಸ್ ಆಗ ತಂಡದ ಮ್ಯಾನೇಜರ್. ಇಂದು ಹಣ ಕಟ್ಟಿದ್ದರೆ, ದಣಿದ ಎಸೆಗಾರನ ತೋಳನ್ನು ನಾಳೆಗಾಗಿ ಉಳಿಸಬೇಕೋ ಇಂದೇ ದುಡಿಸಿಕೊಳ್ಳಬೇಕೋ ಎಂಬ ತೀರ್ಮಾನಕ್ಕೆ ಆಟಕ್ಕೆ ಸಂಬಂಧಿಸದ ಕಾರಣವೊಂದು ಸೇರಿಕೊಳ್ಳುತ್ತದೆ. ಆ ತೋಳು ಅವನ ಕೈಗೆ ಒಪ್ಪಿಸಿದ ಅಮಾನತ್ತು. ಅಮಾನತ್ತಿನ ವಸ್ತುವನ್ನು ಒಳ್ಳೆಯ ಉದ್ದೇಶಕ್ಕೇ ಆದರೂ ಪಣಕ್ಕಿಡುವ ಹಕ್ಕು ಅದನ್ನು ಕಾಯುವವನಿಗೆ ಇಲ್ಲ. ನಮ್ಮ ಧರ್ಮರಾಯನೂ ಸೋಲಬೇಕೆಂದು ಪಗಡೆಗೆ ಕೂತವನಲ್ಲ. ತನ್ನದಲ್ಲದ್ದನ್ನು ಪಣವಾಗಿಟ್ಟದ್ದು ಅವನ ತಪ್ಪು.

1992ರ ಕಾನೂನೊಂದು ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗನ್ನು ತಡೆದಿತ್ತು. ನ್ಯೂಜೆರ್ಸಿ ರಾಜ್ಯವೇ ಸಲ್ಲಿಸಿದ್ದ ಮೇಲ್ಮನವಿಯಲ್ಲಿ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದುಮಾಡಿತು. ಈಗ ಅಲ್ಲಿನ ಮುಕ್ಕಾಲು ಪಾಲು ರಾಜ್ಯಗಳಲ್ಲಿ ಅದು ಕಾನೂನುಬದ್ಧ. ಜೂಜಿನ ಹೆಸರೆತ್ತಿದರೆ ಬೆಚ್ಚುತ್ತಿದ್ದ ಲೀಗ್ ಕೂಡ ಅದೇ 2018ರಲ್ಲಿ ಬೆಟ್ಟಿಂಗ್ ನಡೆಸುವ ಸಂಸ್ಥೆಯೊಂದನ್ನು ಅಧಿಕೃತ ಪಾಲುದಾರನನ್ನಾಗಿ ಮಾಡಿಕೊಂಡಿತು. ಭಾರತದಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸಿ, 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು ಕಾಯ್ದೆ ಅಂಗೀಕರಿಸಿತು. ಕಾನೂನು ಒಂದೆಡೆ ಬಾಗಿಲು ತೆರೆಯುತ್ತದೆ, ಇನ್ನೊಂದೆಡೆ ಮುಚ್ಚುತ್ತದೆ. ಸರಿ ತಪ್ಪುಗಳ ಪ್ರಶ್ನೆಯನ್ನು ನಮ್ಮ ಪರವಾಗಿ ಕಾನೂನೇ ಬಿಡಿಸಿಬಿಡುತ್ತದೆ ಎಂದು ಕಾಯುವಂತಿಲ್ಲ.

ಹಿಂದೆ ಬಾಜಿ ಕಟ್ಟುತ್ತಿದ್ದುದು ಪಂದ್ಯದ ಮೇಲೆ. ಈಗ ಮೊಬೈಲಿನಲ್ಲಿ ಒಂದೊಂದು ಎಸೆತದ ಮೇಲೂ ಕಟ್ಟಬಹುದು. 2025ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಇಬ್ಬರು ಎಸೆಗಾರರ ಮೇಲೆ, ಜೂಜುಕೋರರಿಗೆ ಮೊದಲೇ ತಿಳಿಸಿ ಬೇಕೆಂದೇ ಕೆಲವು ಎಸೆತಗಳನ್ನು ಕೆಡಿಸಿದರೆಂಬ ಆರೋಪಪಟ್ಟಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾಖಲಾಯಿತು. ಇಬ್ಬರೂ ಅದನ್ನು ನಿರಾಕರಿಸಿದ್ದಾರೆ. ಅದರ ಬೆನ್ನಿಗೇ ಒಂದೊಂದು ಎಸೆತದ ಮೇಲಿನ ಬಾಜಿಗೆ ಇನ್ನೂರು ಡಾಲರ್‌ಗಳ ಮಿತಿ ಹಾಕಲಾಯಿತು. ಪಂದ್ಯದಲ್ಲಿ ಒಂದೇ ಒಂದು ಎಸೆತ ಎಷ್ಟು ಚಿಕ್ಕದು! ಅದು ಕೆಟ್ಟರೆ ಪಂದ್ಯ ಸೋಲುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಸೆಪ್ಟೆಂಬರ್‌ನ ಸತ್ತ ಪಂದ್ಯಕ್ಕೂ ಈ ಒಂದು ಎಸೆತಕ್ಕೂ ಇರುವ ನಂಟು ಇದೇ. ಭ್ರಷ್ಟತೆ ಮೊದಲು ಕಾಲಿಡುವುದು "ಇದರಿಂದ ಏನೂ ವ್ಯತ್ಯಾಸವಾಗದು" ಎನ್ನುವ ಜಾಗದಲ್ಲಿ. 2010ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ಎಸೆಗಾರರು ಹಾಕಿದ ನೋ-ಬಾಲ್‌ಗಳನ್ನು ನಮ್ಮ ಓದುಗರು ಮರೆತಿರಲಾರರು.

ಆಟಗಾರನ ವಿಷಯ ಹಾಗಿರಲಿ, ನೋಡುವವನಿಗೇನಾಗುತ್ತದೆ? ಇದನ್ನು ನಾವು ಸ್ವಂತ ಅನುಭವದಿಂದ ಹೇಳಬಲ್ಲೆವು, ಹೇಳಲು ನಾಚಿಕೆಯೂ ಇದೆ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ ಗೆಳೆಯರೊಂದಿಗೆ ಒಮ್ಮೆ ಕ್ರಿಕೆಟ್ ಪಂದ್ಯಕ್ಕೆ ನೂರು ರೂಪಾಯಿ ಕಟ್ಟಿದ್ದೆವು. ರಾಹುಲ್ ದ್ರಾವಿಡ್ ನಮ್ಮ ಪ್ರೀತಿಯ ಆಟಗಾರ. ಅಂದು ಅವರು ಐವತ್ತು ದಾಟಬಾರದೆಂಬುದು ನಮ್ಮ ಬಾಜಿ. ಅವರು ನಲವತ್ತು ದಾಟಿದಾಗ ನಮ್ಮ ಎದೆ ಬಡಿದುಕೊಳ್ಳತೊಡಗಿತು. ಔಟಾಗಲಿ, ಔಟಾಗಲಿ ಎಂದು ಹಾರೈಸಿದೆವು. ಔಟಾದರು. ನೂರು ರೂಪಾಯಿ ಕೈಗೆ ಬಂತು, ಬಿರಿಯಾನಿ ತಿಂದೆವು. ಆದರೆ ಆ ಸಂಜೆ ನಾವು ಆಟ ನೋಡಿರಲಿಲ್ಲ, ನಮ್ಮ ನೂರು ರೂಪಾಯಿಯನ್ನು ನೋಡುತ್ತಿದ್ದೆವು. ಬಾಜಿ ಆಟಕ್ಕೆ ಅರ್ಥ ಹಾಕುತ್ತದೆ ಎಂದನಲ್ಲ ನಮ್ಮ ಹುಡುಗ, ಅದು ಹಾಕುವುದಿಲ್ಲ. ಇದ್ದ ಅರ್ಥವನ್ನು ಹೊರಗಟ್ಟಿ ಆ ಜಾಗದಲ್ಲಿ ತಾನು ಕೂರುತ್ತದೆ. 2025ರ ಮೇ ತಿಂಗಳಲ್ಲಿ ಹೂಸ್ಟನ್ ತಂಡದ ಎಸೆಗಾರ ಲ್ಯಾನ್ಸ್ ಮೆಕಲರ್ಸ್‌ಗೆ, ಅವನ ಪುಟ್ಟ ಮಕ್ಕಳನ್ನು ಕೊಲ್ಲುವುದಾಗಿ ಬೆದರಿಕೆ ಬಂತು. ಪೊಲೀಸರು ಹುಡುಕಿದಾಗ ಸಿಕ್ಕವನು ಸಮುದ್ರದಾಚೆಯ ದೇಶದಲ್ಲಿದ್ದ, ಬಾಜಿಯಲ್ಲಿ ಹಣ ಕಳೆದುಕೊಂಡು ಕುಡಿದಿದ್ದ ಒಬ್ಬ ಮನುಷ್ಯ. ಅವನ ಕಣ್ಣಿಗೆ ಮೆಕಲರ್ಸ್ ಎಂಬ ತಂದೆ ಕಂಡಿರಲಿಲ್ಲ, ತನ್ನ ಕಳೆದ ಹಣ ಮಾತ್ರ ಕಂಡಿತ್ತು.

ಬೆಟ್ಟಿಂಗ್‌ನಿಂದ ಸರ್ಕಾರಕ್ಕೆ ತೆರಿಗೆ ಬರುತ್ತದೆ, ಅದರಿಂದ ಶಾಲೆ ರಸ್ತೆಗಳಾಗುತ್ತವೆ ಎನ್ನುವವರಿದ್ದಾರೆ. ಈ ವಾದ ಹೊಸದಲ್ಲ. ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಮೈಸಿರ್ ಎಂಬ ಜೂಜಿತ್ತು. ಒಂಟೆ ಕಡಿದು, ಬಾಣಗಳನ್ನೆತ್ತಿ ಪಾಲು ನಿರ್ಧರಿಸುತ್ತಿದ್ದರು. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುವುದು ದೊಡ್ಡಸ್ತಿಕೆ ಎನಿಸಿತ್ತು. ಅದರಲ್ಲಿ ಜನರಿಗೆ ಒಂದಷ್ಟು ಪ್ರಯೋಜನವಿದೆ ಎಂಬುದನ್ನು ಕುರ್‌ಆನ್ ಅಲ್ಲಗಳೆಯಲಿಲ್ಲ. ಆದರೆ ಕೆಡುಕಿನ ತಕ್ಕಡಿ ಹೆಚ್ಚು ತೂಗುತ್ತದೆ ಎಂದಿತು. ನಮಗೆ ಈ ವಿವೇಚನೆ ಪ್ರಾಮಾಣಿಕವೆನಿಸುತ್ತದೆ. ಜೂಜಿನಲ್ಲಿ ಯಾವ ಸುಖವೂ ಇಲ್ಲವೆಂದು ನಾವು ಹೇಳಿದರೆ ಹುಡುಗರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಬಡವನ ಬಟ್ಟಲಿಗೆ ಬಿದ್ದ ಮಾಂಸದ ತುಂಡು ನಿಜ. ಅದಕ್ಕೆ ಬೆಲೆ ತೆತ್ತವನ ಮನೆಯ ಖಾಲಿ ಒಲೆಯೂ ಅಷ್ಟೇ ನಿಜ.

ಈಗ ಮೊದಲ ಪ್ರಶ್ನೆಗೆ ಮರಳೋಣ. ಲೆಕ್ಕಕ್ಕಿಲ್ಲದ ಆಟಕ್ಕೆ ಅರ್ಥವಿದೆಯೇ? 2011ರ ಸೆಪ್ಟೆಂಬರ್ 28, ಋತುವಿನ ಕೊನೆಯ ರಾತ್ರಿ. ಬಾಸ್ಟನ್ ತಂಡ ಬಾಲ್ಟಿಮೋರ್ ವಿರುದ್ಧ ಗೆದ್ದರೆ ಅದರ ಆಸೆ ಉಳಿಯುತ್ತಿತ್ತು. ಬಾಲ್ಟಿಮೋರ್ ತನ್ನ ವಿಭಾಗದಲ್ಲಿ ಕಟ್ಟಕಡೆಯ ತಂಡ, ಅದಕ್ಕೆ ಪಡೆಯಲು ಏನೂ ಇರಲಿಲ್ಲ. ಕೊನೆಯ ಇನ್ನಿಂಗ್ಸ್‌ನಲ್ಲಿ ಇಬ್ಬರು ಔಟಾಗಿದ್ದಾರೆ, 3-2ರಿಂದ ಬಾಸ್ಟನ್ ಮುಂದಿದೆ. ಅಲ್ಲಿಂದ ಬಾಲ್ಟಿಮೋರ್‌ನ ಹುಡುಗರು ಎರಡು ರನ್ ತೆಗೆದು 4-3ರಿಂದ ಗೆದ್ದರು. ಕೆಲವೇ ನಿಮಿಷಗಳಲ್ಲಿ ಇನ್ನೊಂದೆಡೆ, 7-0ಯಿಂದ ಹಿಂದಿದ್ದ ಟ್ಯಾಂಪಾ ಬೇ ತಂಡ ನ್ಯೂಯಾರ್ಕ್ ಯಾಂಕೀಸನ್ನು ಸೋಲಿಸಿ ಮುಂದಿನ ಹಂತಕ್ಕೆ ಹೋಯಿತು, ಬಾಸ್ಟನ್ ಮನೆಗೆ ಹೋಯಿತು. ಬಾಲ್ಟಿಮೋರ್‌ಗೆ ಸಿಕ್ಕಿದ್ದೇನು? 93 ಸೋಲುಗಳ ಪಕ್ಕದಲ್ಲಿ 69ನೆಯ ಗೆಲುವು. ಅಷ್ಟೇ.

ಇನ್ನೊಂದು ಉದಾಹರಣೆ. 1919ರಲ್ಲಿ ಗೆಲ್ಲಲು ಎಲ್ಲ ಕಾರಣಗಳಿದ್ದೂ ಸೋಲನ್ನು ಮಾರಿಕೊಂಡ ಅದೇ ಚಿಕಾಗೊ ವೈಟ್ ಸಾಕ್ಸ್ ತಂಡ 2024ರಲ್ಲಿ 121 ಪಂದ್ಯಗಳನ್ನು ಸೋತಿತು. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಇಷ್ಟು ಸೋಲು ಕಂಡ ತಂಡ ಅದಕ್ಕೆ ಮುಂಚೆ ಇರಲಿಲ್ಲ. 120ನೆಯ ಸೋಲಿನ ನಂತರ ಇನ್ನೂ ಆರು ಪಂದ್ಯಗಳು ಉಳಿದಿದ್ದವು. ದೇಶವೇ ನಗುತ್ತಿತ್ತು. ಆ ಆರರಲ್ಲಿ ಅವರು ಐದನ್ನು ಗೆದ್ದರು! ಯಾವ ಬಹುಮಾನವೂ ಇರಲಿಲ್ಲ, ಅವಮಾನವೂ ಅಳಿಸಲಿಲ್ಲ. ಆಟ ಇತ್ತು, ಆಡಿದರು.

ನಮ್ಮ ಉರ್ದು ಶಾಲೆಯ ಉಸ್ತಾದರೊಬ್ಬರು ನೆನಪಾಗುತ್ತಾರೆ. ವಾರ್ಷಿಕ ಪರೀಕ್ಷೆ ಮುಗಿದು ರಜೆಗೆ ಇನ್ನೂ ನಾಲ್ಕು ದಿನ ಬಾಕಿಯಿತ್ತು. ತರಗತಿಗೆ ಬಂದದ್ದು ನಾವು ಮೂವರೇ. ಪಾಠ ಇರಲಾರದು, ಆಡಲು ಬಿಡುತ್ತಾರೆ ಎಂದುಕೊಂಡಿದ್ದೆವು. ಉಸ್ತಾದರು ಎಂದಿನಂತೆ ಹಾಜರಿ ಕೂಗಿದರು, ಬಾರದವರ ಹೆಸರನ್ನೂ ಬಿಡದೆ. ಕಪ್ಪು ಹಲಗೆ ಒರೆಸಿ, ತಾರೀಖು ಬರೆದು, ಪೂರ್ತಿ ಒಂದು ಗಂಟೆ ಪಾಠ ಮಾಡಿದರು. ಆ ಪಾಠಕ್ಕೆ ಪರೀಕ್ಷೆ ಇರಲಿಲ್ಲ, ಅಂಕ ಇರಲಿಲ್ಲ. ಅಂದು ಅವರು ತಿದ್ದಿಸಿದ ಅಕ್ಷರದ ತಿರುವು ಇಂದಿಗೂ ನಮ್ಮ ಕೈಯಲ್ಲಿದೆ. ಕೋಟಿನ ಒಳಮಡಿಕೆಯನ್ನೂ ನೇರವಾಗಿ ಹೊಲಿಯುವ ದರ್ಜಿ, ಯಾರೂ ನೋಡದ ಗೋಡೆಯ ಹಿಂಬದಿಗೂ ಗಾರೆ ಸಮ ಮಾಡುವ ಮೇಸ್ತ್ರಿ, ಇವರೆಲ್ಲ ಆ ಉಸ್ತಾದರ ಬಳಗದವರೇ. ಫಲ ಕಾಣುವ ಕಡೆ ನಿಷ್ಠೆಯಿಂದಿರುವುದು ಸುಲಭ. ಮನುಷ್ಯನ ಗುಣ ಗೊತ್ತಾಗುವುದು ಲೆಕ್ಕಕ್ಕಿಲ್ಲದ ದಿನಗಳಲ್ಲಿ.

ಆದ್ದರಿಂದ ಆ ಸೆಪ್ಟೆಂಬರ್ ಪಂದ್ಯಗಳಿಗೆ ಅರ್ಥದ ಕೊರತೆ ಇರಲಿಲ್ಲ. ಮೊದಲ ಬಾರಿಗೆ ದೊಡ್ಡ ಮೈದಾನಕ್ಕೆ ಇಳಿದ ಹುಡುಗನ ತಾಯಿ ಅಲ್ಲೆಲ್ಲೋ ಮೂಲೆಯಲ್ಲಿ ಕುಳಿತಿರುತ್ತಾಳೆ. ಇನ್ನು ಆಡಲಾಗದು ಎಂದು ತಿಳಿದ ಹಿರಿಯನೊಬ್ಬ ಕೊನೆಯ ಬಾರಿ ಟೊಪ್ಪಿಗೆ ತೆಗೆದು ಜನರಿಗೆ ತೋರಿಸುತ್ತಾನೆ. ನೋಡಲು ಬೇಕಾದಷ್ಟಿತ್ತು. ನಮ್ಮ ಹುಡುಗನ ಕಣ್ಣು ಮಾತ್ರ ಬೇರೆಡೆ ಇತ್ತು.

ಈ ಮಾತುಗಳನ್ನೆಲ್ಲ ಅವನಿಗೆ ಉಪದೇಶ ಮಾಡಲಿಲ್ಲ. ಸಾಲದಲ್ಲಿ ಮುಳುಗಿದವನಿಗೆ ಉಪದೇಶ ಇನ್ನೊಂದು ಭಾರ. ದ್ರಾವಿಡ್ ಔಟಾಗಲಿ ಎಂದು ಹಾರೈಸಿದ ಕತೆಯನ್ನಷ್ಟೇ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಮ್ಮಿಗೆ ನಾನೇ ಹೇಳುತ್ತೇನೆ ಮಾಮು" ಎಂದ. ಹೇಳಿದ. ಅಕ್ಕ ಅತ್ತಳು, ಬೈದಳು, ಮತ್ತೆ ಊಟ ಮಾಡಿದೆಯಾ ಎಂದು ಕೇಳಿದಳು. ಮೊಬೈಲಿನಿಂದ ಆ ಬಾಜಿಯ ಆ್ಯಪ್ ಅಳಿಸಿದ್ದಾನಂತೆ. ಕಂತುಗಳನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದಾನೆ. ಚಟ ಅಷ್ಟು ಬೇಗ ಬಿಡುವುದಲ್ಲ, ನಾವದನ್ನು ಬಲ್ಲೆವು. ಈ ಸಲ ಸೆಪ್ಟೆಂಬರ್ ಬಂದಾಗ ನಾವೇ ಫೋನ್ ಮಾಡಬೇಕೆಂದುಕೊಂಡಿದ್ದೇವೆ. ಅಲ್ಲಿಯ ರಾತ್ರಿ ಹತ್ತಕ್ಕೆ, ಸೋತ ಎರಡು ತಂಡಗಳು ಆಡುತ್ತಿರುವ ಹೊತ್ತಿಗೆ. ಯಾರು ಮುಂದಿದ್ದಾರೆ ಎಂದು ಕೇಳುವುದಿಲ್ಲ. ಯಾರು ಚೆನ್ನಾಗಿ ಆಡುತ್ತಿದ್ದಾರೆ ಎಂದು ಕೇಳುತ್ತೇವೆ.